ಅರ್ಬುದ ರೋಗವೂ ಜೀವಕೋಶಗಳ ಕಿರುಚೀಲಗಳೂ

ತಿಕೋಟೆಯ ಸೀಮೆಯಲ್ಲಿ ದ್ರಾಕ್ಷಿಯ ತೋಟವನ್ನು ಮಾಡತಕ್ಕವರು ಬಳ್ಳಿಯನ್ನು ತಂದು ಒಮ್ಮೆಲೇ ನೆಲಕ್ಕೆ ಊರುವುದಿಲ್ಲ. ಮೊದಲು ನೆಲವನ್ನು ಅಗೆದು, ಗೊಬ್ಬರವನ್ನಿಕ್ಕಿ ಹದಗೊಳಿಸುವರು. ಬಳಿಕ ಗಟ್ಟಿಯಾದ ಬೇರುಗಿಡವನ್ನು ನೆಟ್ಟು, ಅದು ನೆಲೆಗೊಂಡ ಮೇಲೆಯೇ ಒಳ್ಳೆಯ ಜಾತಿಯ ಕಡ್ಡಿಯನ್ನು ಅದಕ್ಕೆ ಕಸಿಮಾಡುವರು. ನೆಲವು ಅಣಿಯಾಗದೆ ಬಳ್ಳಿಯು ಹಬ್ಬದೆಂಬ ಈ ಮಾತು, ನಾವೆಲ್ಲರೂ ಕ್ಯಾನ್ಸರ್ ಎಂದು ಕರೆಯುವ ಅರ್ಬುದ ವ್ಯಾಧಿಯ ವಿಷಯದಲ್ಲಿಯೂ ಬಹುಮಟ್ಟಿಗೆ ನಿಜವೆಂದು ವಿದ್ವಾಂಸರು ಕಂಡುಕೊಂಡಿದ್ದಾರೆ. ಆ ನೆಲವನ್ನು ಅಣಿಗೊಳಿಸತಕ್ಕ ಅತಿ ಸೂಕ್ಷ್ಮವಾದ ಸಾಧನಗಳನ್ನು ಕುರಿತು ನಮ್ಮ ಶಾಲೆಯ ಹಿಂದಿನ ವಿದ್ಯಾರ್ಥಿನಿಯರಿಗೂ ಮಕ್ಕಳ ತಂದೆತಾಯಿಗಳಿಗೂ ನಾಲ್ಕು ಮಾತುಗಳನ್ನು ತಿಳಿಸುವುದೇ ಈ ಲೇಖನದ ಉದ್ದೇಶವು.

ಅರ್ಬುದದ ಗಡ್ಡೆಯು ಹುಟ್ಟಿದ ಸ್ಥಳದಲ್ಲಿಯೇ ಇರುವವರೆಗೆ ಶಸ್ತ್ರವೈದ್ಯರು ಅದನ್ನು ತೆಗೆದುಹಾಕುವ ಸಂಭವವು ಹೆಚ್ಚಾಗಿರುತ್ತದೆ. ಅದು ದೂರದ ಅವಯವಗಳಿಗೆ ಹಬ್ಬಿತೆಂದರೆ ಚಿಕಿತ್ಸೆಯು ಕಠಿಣವಾಗುವುದು. ಈ ಹಬ್ಬುವಿಕೆಗೆ ಒಂದು ಕ್ರಮವಿರುವುದೇ, ಇಲ್ಲವೇ? ಲಂಡನ್ನಿನ ಶಸ್ತ್ರವೈದ್ಯರಾದ ಸ್ಟೀಫನ್ ಪೇಜೆಟ್ ಎಂಬವರು ಸ್ತನದ ಅರ್ಬುದದಿಂದ ಮೃತರಾದ ೭೩೫ ಮಂದಿಯ ವಿವರಗಳನ್ನು ಪರಿಶೀಲಿಸಿ, ೧೮೮೯ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ರೋಗವು ಪಿತ್ತಜನಕಾಂಗಕ್ಕೆ ಮೇಲಿಂದ ಮೇಲೆ ಹಬ್ಬಿದ್ದಿತು, ಪ್ಲೀಹಕ್ಕಾದರೋ ಅಪರೂಪವಾಗಿಯೇ. ಅರ್ಬುದದ ಕೋಶಗಳು ಬೀಜಗಳಂತೆ ಎಲ್ಲ ಕಡೆಗೂ ಸಾಗುವವಾದರೂ ತಮಗೆ ಒಗ್ಗುವ ನೆಲದಲ್ಲಿ ಮಾತ್ರ ಮೊಳೆಯುವವೆಂದು ಅವರು ಊಹಿಸಿದರು. ಆದರೆ ನೆಲವನ್ನು ಹದಮಾಡುವವರು ಯಾರೆಂಬ ಪ್ರಶ್ನೆಗೆ ಉತ್ತರವು ದೊರೆಯಲು ನೂರು ವರುಷಗಳಿಗೂ ಮಿಕ್ಕಿ ಕಾಲವು ಹಿಡಿಯಿತು.

ನಮ್ಮ ಶರೀರದ ಜೀವಕೋಶಗಳು ತಮ್ಮ ಹೊರಗೆ ಸಣ್ಣ ಸಣ್ಣ ಚೀಲಗಳನ್ನು ಬಿಡುತ್ತಲೇ ಇರುತ್ತವೆ. ಇವುಗಳಲ್ಲಿ ಎಕ್ಸೋಸೋಮುಗಳೆಂಬವು ಅತ್ಯಂತ ಕಿರಿದಾದವು. ಹತ್ತು ಸಾವಿರ ಚೀಲಗಳನ್ನು ಸಾಲಾಗಿ ಇಟ್ಟರೆ ಹೆಚ್ಚುಕಡಮೆ ಒಂದು ಮಿಲಿಮೀಟರು ಉದ್ದವಾದೀತು. ೧೯೮೩ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ರೋಸ್ ಜಾನ್‌ಸ್ಟನ್ ಎಂಬ ವಿದುಷಿಯು ಕುರಿಯ ಎಳೆಯ ರಕ್ತಕಣಗಳನ್ನು ಪರೀಕ್ಷಿಸುತ್ತಿದ್ದಾಗ, ಅವು ಬಲಿಯುತ್ತ ಬಂದಂತೆ ತಮಗೆ ಬೇಡವಾದ ಭಾಗಗಳನ್ನು ಇಂತಹ ಚೀಲಗಳಲ್ಲಿ ತುಂಬಿ ಹೊರಚೆಲ್ಲುವುದನ್ನು ಕಂಡರು. ಅದೇ ವರುಷದಲ್ಲಿ ಅಮೇರಿಕೆಯ ಸೇಂಟ್ ಲೂಯಿಸಿನಲ್ಲಿಯೂ ಫಿಲಿಪ್ ಸ್ಟಾಲ್ ಅವರ ಮಂಡಳಿಯು ಇದನ್ನೇ ಕಂಡಿತು. ಆದಕಾರಣ ಬಹುಕಾಲದ ವರೆಗೆ ಇವು ಕೋಶದ ಕಸದ ಬುಟ್ಟಿಗಳೆಂದೇ ಅನೇಕರು ಭಾವಿಸಿದ್ದರು.

ಈ ಭಾವನೆಯನ್ನು ೨೦೦೭ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನಿಂದ ಬಂದ ಒಂದು ಪ್ರಯೋಗವು ಬಲವಾಗಿ ಅಲುಗಾಡಿಸಿತು. ಇಲಿಯ ಕೋಶಗಳು ಬಿಟ್ಟ ಚೀಲಗಳನ್ನು ಮನುಷ್ಯನ ಕೋಶಗಳಿಗೆ ಕೊಟ್ಟಾಗ, ಮನುಷ್ಯನ ಕೋಶಗಳು ಇಲಿಯ ಪ್ರೋಟೀನುಗಳನ್ನು ತಯಾರಿಸತೊಡಗಿದವು. ಅಂದರೆ ಚೀಲದೊಳಗೆ ಆರ್.ಎನ್.ಎ. ಎಂಬ ರೂಪದಲ್ಲಿ ಆಜ್ಞೆಗಳು ಬರೆದಿದ್ದವು; ಓದುವವನು ಅವನ್ನು ಓದಿ ಪಾಲಿಸಿದನು. ಕಸದ ಬುಟ್ಟಿಯೆಂದು ತಿಳಿದದ್ದು ಅಂಚೆಯ ಚೀಲವಾಗಿ ಪರಿಣಮಿಸಿತು.

ಆರೋಗ್ಯವಂತವಾದ ಕೋಶಗಳೂ ಈ ಅಂಚೆಯನ್ನು ಕಳುಹುತ್ತವೆಂಬುದನ್ನು ಮರೆಯಲಾಗದು. ಚೀಲವು ತಾನೇ ರೋಗವಲ್ಲ. ಆದರೆ ಅರ್ಬುದವು ಅದೇ ಅಂಚೆಯನ್ನು ತನ್ನ ಕೆಲಸಕ್ಕೆ ಬಳಸಿಕೊಳ್ಳುವುದು. ನ್ಯೂಯಾರ್ಕಿನಲ್ಲಿ ಡೇವಿಡ್ ಲೈಡನ್ ಅವರೂ ಸಹೋದ್ಯೋಗಿಗಳೂ ೨೦೧೫ರಲ್ಲಿ ಪ್ರಕಟಿಸಿದ ಇಲಿಗಳ ಮೇಲಿನ ಪ್ರಯೋಗಗಳಲ್ಲಿ, ಮೇದೋಜೀರಕಾಂಗದ ಅರ್ಬುದವು ಬಿಟ್ಟ ಚೀಲಗಳು ಪಿತ್ತಜನಕಾಂಗವನ್ನು ಸೇರಿ, ಅಲ್ಲಿಯ ಕೋಶಗಳ ನಡತೆಯನ್ನು ಮಾರ್ಪಡಿಸಿ, ಮುಂದೆ ಬರತಕ್ಕ ಅರ್ಬುದಕೋಶಗಳಿಗೆ ಠಾವನ್ನು ಸಿದ್ಧಪಡಿಸಿದ್ದು ಕಂಡುಬಂದಿತು. ಇನ್ನೊಂದು ಪ್ರಯೋಗವು ಇದಕ್ಕಿಂತಲೂ ಸೋಜಿಗದ್ದು. ಶ್ವಾಸಕೋಶಕ್ಕೆ ಹಬ್ಬತಕ್ಕ ಅರ್ಬುದದ ಚೀಲಗಳನ್ನು ಮೊದಲು ಇಲಿಗಳಿಗೆ ಚುಚ್ಚಿದಾಗ, ಸಾಮಾನ್ಯವಾಗಿ ಎಲುಬಿಗೆ ಹೋಗತಕ್ಕ ಅರ್ಬುದಕೋಶಗಳು ಶ್ವಾಸಕೋಶದಲ್ಲಿ ನೆಲಸಿದವು. ಚೀಲಗಳ ಮೈಮೇಲಿನ ಇಂಟೆಗ್ರಿನ್ ಎಂಬ ಪ್ರೋಟೀನುಗಳೇ ಓಲೆಯ ಮೇಲಿನ ವಿಳಾಸದಂತೆ ಕೆಲಸಮಾಡುತ್ತವೆಂದು ಅವರು ತೋರಿಸಿಕೊಟ್ಟರು. ಪೇಜೆಟ್ ಅವರ ಪ್ರಶ್ನೆಗೆ ಉತ್ತರದ ಒಂದು ಭಾಗವು ಹೀಗೆ ದೊರೆಯಿತು.

ಶತ್ರುವಿನ ಓಲೆಯು ನಮ್ಮ ಕೈಗೆ ಸಿಕ್ಕರೆ ಅದರಿಂದ ನಮಗೆ ಪ್ರಯೋಜನವೂ ಆಗಬಹುದಷ್ಟೆ. ಈ ಚೀಲಗಳು ರಕ್ತದಲ್ಲಿಯೂ ಮೂತ್ರದಲ್ಲಿಯೂ ಸಂಚರಿಸುತ್ತಿರುವುದರಿಂದ, ಶಸ್ತ್ರಪ್ರಯೋಗವಿಲ್ಲದೆ ರೋಗವನ್ನು ಅರಿಯುವ ಆಶೆಯುಂಟು. ೨೦೦೮ರಲ್ಲಿ ಬಾಸ್ಟನ್ನಿನ ವಿದ್ವಾಂಸರು ಮೆದುಳಿನ ಅರ್ಬುದವುಳ್ಳ ೨೫ ರೋಗಿಗಳ ರಕ್ತದ ಚೀಲಗಳನ್ನು ಪರೀಕ್ಷಿಸಿ, ಅವರಲ್ಲಿ ೭ ಮಂದಿಯಲ್ಲಿ ಗಡ್ಡೆಯ ವಿಶಿಷ್ಟವಾದ ಗುರುತನ್ನು ಕಂಡುಹಿಡಿದರು. ಇದು ಮಾರ್ಗವನ್ನು ತೋರಿಸಿತು. ಮಾರ್ಗವು ಇನ್ನೂ ದೂರವಿದೆಯೆಂಬುದನ್ನೂ ತೋರಿಸಿತು. ಚೀಲಗಳನ್ನೇ ಔಷಧವಾಗಿ ಬಳಸುವ ಯತ್ನವೂ ನಡೆದಿದೆ. ಫ್ರಾನ್ಸ್ ದೇಶದಲ್ಲಿ ಶ್ವಾಸಕೋಶದ ಅರ್ಬುದವುಳ್ಳ ೨೨ ರೋಗಿಗಳಿಗೆ ಇವನ್ನು ಕೊಟ್ಟು, ಫಲವನ್ನು ೨೦೧೬ರಲ್ಲಿ ಪ್ರಕಟಿಸಿದರು. ದೇಹದ ರಕ್ಷಕ ಕೋಶಗಳಲ್ಲಿ ಕೆಲವಕ್ಕೆ ಬಲವು ಬಂದಿತಾದರೂ, ರೋಗವನ್ನು ತಡೆಯುವಲ್ಲಿ ಅವರು ಇಟ್ಟುಕೊಂಡಿದ್ದ ಗುರಿಯು ಈಡೇರಲಿಲ್ಲ.

ನಮ್ಮ ಸೀಮೆಯವರಿಗೆ ಕುತೂಹಲವನ್ನುಂಟುಮಾಡುವ ಇನ್ನೊಂದು ಸಂಗತಿಯುಂಟು. ದ್ರಾಕ್ಷಿಯ ಹಣ್ಣಿನಲ್ಲಿಯೂ ಇಂತಹ ಚೀಲಗಳಿವೆ. ಅಮೇರಿಕೆಯ ಲೂಯಿವಿಲ್ ವಿಶ್ವವಿದ್ಯಾಲಯದ ವಿದ್ವಾಂಸರು ಅವನ್ನು ಇಲಿಗಳಿಗೆ ತಿನ್ನಿಸಿದಾಗ, ಕರುಳಿನ ಬಾವಿನಿಂದ ಅವುಗಳಿಗೆ ರಕ್ಷಣೆಯು ದೊರೆಯಿತೆಂದು ೨೦೧೩ರಲ್ಲಿ ತಿಳಿಸಿದರು. ಆದರೆ ದ್ರಾಕ್ಷಿಯನ್ನು ತಿಂದರೆ ಅರ್ಬುದವು ವಾಸಿಯಾಗುವುದೆಂದು ಇದರಿಂದ ಯಾರೂ ತಿಳಿಯಬಾರದು. ಆ ಪ್ರಯೋಗವು ಹಾಗೆ ಹೇಳುವುದೇ ಇಲ್ಲ. ಎಕ್ಸೋಸೋಮಿನ ಹೆಸರಿನಲ್ಲಿ ಹಣವನ್ನು ಸುಲಿಯುವವರೂ ಹೊರಟಿದ್ದಾರೆ. ಇಂತಹ ಮದ್ದುಗಳಿಂದ ಕೆಲವು ರೋಗಿಗಳಿಗೆ ಕೇಡಾದ ಮೇಲೆ, ಅಮೇರಿಕೆಯ ಔಷಧ ನಿಯಂತ್ರಣ ಇಲಾಖೆಯು ೨೦೧೯ರ ಡಿಸೆಂಬರದಲ್ಲಿ, ತಾನು ಒಂದನ್ನೂ ಅನುಮೋದಿಸಿಲ್ಲವೆಂದು ಸಾರ್ವಜನಿಕರನ್ನು ಎಚ್ಚರಿಸಿತು. ಹೊಲವನ್ನು ಒತ್ತೆಯಿಟ್ಟು ಇಂತಹ ಚುಚ್ಚುಮದ್ದನ್ನು ಕೊಳ್ಳುವುದಕ್ಕೆ ಯಾವ ತಾಯಿತಂದೆಗಳೂ ಮುಂದಾಗದಿರಲಿ.

ಹಾಗಾದರೆ ಈ ಜ್ಞಾನದಿಂದ ನಮಗೆ ಇಂದು ಒದಗುವ ಲಾಭವೇನು? ಗಡ್ಡೆಯು ಸುಮ್ಮನೆ ಕುಳಿತಿರುವಂತೆ ತೋರುವಾಗಲೂ ಅದರ ಓಲೆಗಳು ಹೊರಟಿರಬಹುದೆಂಬುದನ್ನು ಅರಿತುಕೊಂಡರೆ, ಕಾಲಹರಣದ ಕೇಡು ಎಷ್ಟೆಂಬುದು ತಾನಾಗಿಯೇ ವಿದಿತವಾಗುವುದು. ಭಾರತದ ಸ್ತ್ರೀಯರಲ್ಲಿ ಸ್ತನದ ಅರ್ಬುದವೂ ಗರ್ಭಕೋಶದ ಕೊರಳಿನ ಅರ್ಬುದವೂ ಎಲ್ಲಕ್ಕಿಂತ ಹೆಚ್ಚಾಗಿವೆ. ಆದರೂ ನಮ್ಮ ಮನೆಗಳಲ್ಲಿ ಎಷ್ಟೋ ತಾಯಂದಿರು ನಾಚಿಕೆಯಿಂದಲೂ, ಮನೆಗೆಲಸದ ನೆವದಿಂದಲೂ, ನೋವಿಲ್ಲವೆಂಬ ಸಮಾಧಾನದಿಂದಲೂ ತಿಂಗಳುಗಟ್ಟಲೆ ಮುಚ್ಚಿಡುವರು. ಸ್ತನದಲ್ಲಿ ಗಂಟು, ಅಕಾಲದ ರಕ್ತಸ್ರಾವ, ಮೂರು ವಾರಗಳಾದರೂ ಮಾಯದ ಬಾಯಿಯ ಹುಣ್ಣು, ಇವುಗಳಲ್ಲಿ ಯಾವುದೊಂದು ಕಂಡರೂ ವೈದ್ಯರ ಬಳಿಗೆ ಹೋಗತಕ್ಕದ್ದು. ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಿದೆ. ಬೆಂಗಳೂರಿನಲ್ಲಿ ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಕ್ಯಾನ್ಸರ್ ಸಂಸ್ಥೆಯಿದೆ. ತಂಬಾಕಿನ ಮಿಸ್ರಿಯಿಂದ ಹಲ್ಲುಜ್ಜುವ ರೂಢಿಯನ್ನು ಮನೆಯಿಂದ ಹೊರಹಾಕುವುದೂ ನಮ್ಮ ಕೈಯಲ್ಲಿಯೇ ಇದೆ.

ಓದು ಬರಹವನ್ನು ಕಲಿತ ಹೆಣ್ಣುಮಗಳು ತನ್ನ ತಾಯಿಗೂ ಅತ್ತೆಗೂ ನೆರೆಯವಳಿಗೂ ಈ ಮಾತನ್ನು ತಿಳಿಯಹೇಳಿ, ಅವಶ್ಯಬಿದ್ದಲ್ಲಿ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ದರೆ, ಆಕೆಯ ವಿದ್ಯೆಯು ಸಾರ್ಥಕವಾಯಿತೆಂದು ಹೇಳಬಹುದು.