ಇಪ್ಪತ್ತೇಳು ಸಾವಿರ ಎಸೆತಗಳ ಲೆಕ್ಕ

ವೇಗದ ಬೌಲರ್‌ನ ವೃತ್ತಿಬದುಕನ್ನು ವಿಕೆಟ್‌ಗಳಲ್ಲಿ ಅಳೆಯುವುದು ವಾಡಿಕೆ. ಆದರೆ ಅದು ಎಷ್ಟು ವರ್ಷ ನಡೆಯುತ್ತದೆ ಎಂಬುದನ್ನು ತೀರ್ಮಾನಿಸುವುದು ಅವನ ಭುಜ, ಬೆನ್ನು, ಮೊಣಕಾಲುಗಳು ಎಷ್ಟು ಎಸೆತ ತಾಳಿಕೊಳ್ಳುತ್ತವೆ ಎಂಬ ಲೆಕ್ಕವೇ. ಜಾವಗಲ್ ಶ್ರೀನಾಥ್ ಭಾರತಕ್ಕಾಗಿ ಟೆಸ್ಟ್‌ಗಳಲ್ಲಿ 15,104, ಏಕದಿನ ಪಂದ್ಯಗಳಲ್ಲಿ 11,935 ಎಸೆತ ಹಾಕಿದರು. ಒಟ್ಟು 27,039. ರಾಜ್ಯ ತಂಡಕ್ಕೆ, ಇಂಗ್ಲೆಂಡಿನ ಕೌಂಟಿಗೆ, ನೆಟ್ಸ್‌ನಲ್ಲಿ ಹಾಕಿದ್ದು ಬೇರೆ.

ಶ್ರೀನಾಥ್ ಹುಟ್ಟಿದ್ದು 1969ರ ಆಗಸ್ಟ್ 31ರಂದು, ಮೈಸೂರಿನಲ್ಲಿ. ಚಾಮರಾಜನಗರ, ಗುಂಡ್ಲುಪೇಟೆ ಆಗ ಮೈಸೂರು ಜಿಲ್ಲೆಯದೇ ತಾಲ್ಲೂಕುಗಳು. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಜಿಲ್ಲೆ ಬೇರೆಯಾದರೂ ಕ್ರಿಕೆಟ್ ಆಡಳಿತದಲ್ಲಿ ಈ ಭಾಗ ಇಂದಿಗೂ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೈಸೂರು ವಲಯಕ್ಕೇ ಸೇರಿದೆ. ಗುಂಡ್ಲುಪೇಟೆಯ ಹುಡುಗನೊಬ್ಬ ಬೌಲರ್ ಆಗಬೇಕೆಂದರೆ ವಲಯದ ಲೀಗ್ ಮತ್ತು ವಯೋಮಿತಿ ತಂಡಗಳ ಆಯ್ಕೆಗಾಗಿ ಸುಮಾರು 60 ಕಿ.ಮೀ. ದೂರದ ಮೈಸೂರಿನತ್ತ ಮುಖ ಮಾಡಬೇಕು.

ಈ ದಾರಿಯ ಮೊದಲ ತೊಡಕು ಚೆಂಡಿನದೇ. ಕೊಯ್ಲಾದ ಹೊಲದಲ್ಲಿ, ಶಾಲೆಯ ಬಯಲಲ್ಲಿ ಆಡುವುದು ಟೆನಿಸ್ ಚೆಂಡಿನಲ್ಲಿ. ಅದರ ತೂಕ 60 ಗ್ರಾಂ ಒಳಗೆ. ಪಂದ್ಯದ ಚರ್ಮದ ಚೆಂಡು 156ರಿಂದ 163 ಗ್ರಾಂ ತೂಗುತ್ತದೆ, ಅಂದರೆ ಹತ್ತಿರಹತ್ತಿರ ಮೂರು ಪಟ್ಟು. ಟೆನಿಸ್ ಚೆಂಡಿನಲ್ಲಿ ತೋಳಿನ ಬಲವೊಂದರಿಂದಲೇ ವೇಗ ತೆಗೆಯಬಹುದು. ಚರ್ಮದ ಚೆಂಡಿನಲ್ಲೂ ಅದೇ ಅಭ್ಯಾಸ ಮುಂದುವರಿಸಿದರೆ ಭಾರವೆಲ್ಲ ಭುಜದ ಮೇಲೆ ಬೀಳುತ್ತದೆ. ಓಟ, ನೆಗೆತ, ಮುಂಗಾಲಿನ ಊರುವಿಕೆ, ಸೊಂಟದ ತಿರುವು ಇವೆಲ್ಲವನ್ನೂ ಹೊಸದಾಗಿ ಹೊಂದಿಸಿಕೊಂಡವರು ಮಾತ್ರ ಮುಂದಿನ ಹಂತಕ್ಕೆ ಹೋಗುತ್ತಾರೆ.

ಬೇಸ್‌ಬಾಲ್‌ನ ಪಿಚರ್‌ನೊಂದಿಗೆ ಹೋಲಿಸಿದರೆ ಬೌಲರ್‌ನ ಕೆಲಸ ಇನ್ನಷ್ಟು ಸ್ಪಷ್ಟವಾಗುತ್ತದೆ. ಪಿಚರ್ ಸುಮಾರು 25 ಸೆಂ.ಮೀ. ಎತ್ತರದ ಮಣ್ಣಿನ ದಿಬ್ಬದ ಮೇಲೆ ನಿಂತು, 18.44 ಮೀಟರ್ ಆಚೆಗಿರುವ ಬ್ಯಾಟರ್‌ನತ್ತ ಚೆಂಡೆಸೆಯುತ್ತಾನೆ. ಓಡಿ ಬರುವಂತಿಲ್ಲ. ಮಡಚಿದ ಮೊಣಕೈಯನ್ನು ಚಾಟಿಯಂತೆ ಬೀಸುವುದರಲ್ಲೇ ಅವನ ವೇಗವಿದೆ. ಕ್ರಿಕೆಟ್ ಬೌಲರ್‌ಗೆ ಓಟವಿದೆ, ಮೊಣಕೈ ಇಲ್ಲ. ತೋಳು ಭುಜದ ಮಟ್ಟಕ್ಕೆ ಬಂದ ಮೇಲೆ ಚೆಂಡು ಬಿಡುವವರೆಗೆ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾಗಬಾರದು ಎಂಬುದು ಈಗಿನ ನಿಯಮ. ಆದ್ದರಿಂದ ಪಿಚರ್‌ಗೆ ಮೊದಲು ಕೈಕೊಡುವುದು ಮೊಣಕೈ. ಮುಂಗಾಲು ಊರಿದಾಗ ದೇಹದ ತೂಕದ ಹಲವು ಪಟ್ಟು ಒತ್ತಡ ಹೊರುವ ಬೌಲರ್‌ಗಾದರೋ ಬೆನ್ನು, ಮೊಣಕಾಲು, ಕಣಕಾಲು, ಅವುಗಳ ಜೊತೆಗೆ ಭುಜ.

ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಶ್ರೀನಾಥ್ 1989-90ರ ರಣಜಿ ಋತುವಿನಲ್ಲಿ ಹೈದರಾಬಾದ್ ವಿರುದ್ಧ ಕರ್ನಾಟಕದ ಪರ ಮೊದಲ ಪಂದ್ಯ ಆಡಿದರು. ಆ ಪಂದ್ಯದಲ್ಲೇ ಹ್ಯಾಟ್ರಿಕ್ ಬಂತು. ಸುಮಾರು ಎರಡು ವರ್ಷಗಳಲ್ಲಿ, 1991ರ ಅಕ್ಟೋಬರ್‌ನಲ್ಲಿ ಶಾರ್ಜಾದಲ್ಲಿ ಏಕದಿನ ತಂಡಕ್ಕೂ, ನವೆಂಬರ್‌ನಲ್ಲಿ ಬ್ರಿಸ್ಬೇನ್‌ನಲ್ಲಿ ಟೆಸ್ಟ್ ತಂಡಕ್ಕೂ ಕಾಲಿಟ್ಟರು. ಬಿ.ಎಸ್. ಚಂದ್ರಶೇಖರ್, ಪ್ರಸನ್ನ ಅವರ ಕಾಲದಿಂದ ಸ್ಪಿನ್ನಿಗೆ ಹೆಸರಾಗಿದ್ದ ರಾಜ್ಯದಿಂದ ಅಪ್ಪಟ ವೇಗಿಯೊಬ್ಬರು ಬಂದದ್ದು ಹೊಸ ಸಂಗತಿಯಾಗಿತ್ತು.

ಆಮೇಲಿನದು ಕಾಯುವ ಕಾಲ. ವಿದೇಶದ ಪುಟಿಯುವ ಪಿಚ್‌ಗಳಲ್ಲಿ ಶ್ರೀನಾಥ್ ಬೇಕಾಗುತ್ತಿದ್ದರು. ಸ್ವದೇಶಕ್ಕೆ ಬಂದರೆ ತಂಡ ಮೂವರು ಸ್ಪಿನ್ನರ್‌ಗಳನ್ನು ಆಡಿಸುತ್ತಿತ್ತು, ಹೊಸ ಚೆಂಡು ಕಪಿಲ್ ದೇವ್ ಮತ್ತು ಮನೋಜ್ ಪ್ರಭಾಕರ್ ಪಾಲಾಗುತ್ತಿತ್ತು. ಕಪಿಲ್ ನಿವೃತ್ತರಾದ 1994ರಲ್ಲಿಯೇ, ಅದೂ ವರ್ಷದ ಕೊನೆಗೆ ವೆಸ್ಟ್ ಇಂಡೀಸ್ ಬಂದಾಗ, ಶ್ರೀನಾಥ್ ತವರಿನಲ್ಲಿ ಮೊದಲ ಟೆಸ್ಟ್ ಆಡಿದ್ದು. ವೇಗಿಯೊಬ್ಬನ ಅತ್ಯಂತ ಚುರುಕಿನ ವಯಸ್ಸಿನ ಮೂರು ವರ್ಷ ಹೀಗೆ ಹೊರಗೆ ಕೂತೇ ಕಳೆದವು.

ಬೌಲಿಂಗ್ ದಿನನಿತ್ಯದ ಕಸುಬಾದದ್ದು 1995ರಲ್ಲಿ, ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಕೌಂಟಿಯಲ್ಲಿ. ಕೌಂಟಿ ಋತುವಿನಲ್ಲಿ ಒಂದು ಪಂದ್ಯ ಮುಗಿಯುತ್ತಿದ್ದಂತೆ ಇನ್ನೊಂದು. ದಣಿದ ದೇಹದಲ್ಲೂ ಚೆಂಡನ್ನು ಒಂದೇ ಜಾಗಕ್ಕೆ ಇಳಿಸುವ ಅಭ್ಯಾಸ ಅಲ್ಲಿ ತಾನಾಗಿಯೇ ಬರುತ್ತದೆ. ಶ್ರೀನಾಥ್ ಆ ಬೇಸಿಗೆಯಲ್ಲಿ 87 ವಿಕೆಟ್ ಪಡೆದರು. ಮರುವರ್ಷದ ನವೆಂಬರ್‌ನಲ್ಲಿ ಅಹಮದಾಬಾದ್ ಟೆಸ್ಟ್‌ನಲ್ಲಿ ದಕ್ಷಿಣ ಆಫ್ರಿಕಾಕ್ಕೆ ಗೆಲುವಿಗೆ ಬೇಕಿದ್ದದ್ದು ಬರೀ 170 ರನ್. ಶ್ರೀನಾಥ್ 21 ರನ್‌ಗೆ 6 ವಿಕೆಟ್ ಉರುಳಿಸಿದರು, ಎದುರಾಳಿ 105ಕ್ಕೆ ಮುಗಿಯಿತು. ಭಾರತದ ಪಿಚ್‌ನಲ್ಲಿ ನಾಲ್ಕನೇ ಇನಿಂಗ್ಸ್ ಎಂದರೆ ಸ್ಪಿನ್ನರ್‌ಗಳದ್ದೇ ಎಂಬ ನಂಬಿಕೆ ಅಂದು ತಲೆಕೆಳಗಾಯಿತು.

ಅದಾಗಿ ಕೆಲವೇ ತಿಂಗಳಿಗೆ, 1997ರಲ್ಲಿ, ಬಲಭುಜ ಕೈಕೊಟ್ಟಿತು. ರೊಟೇಟರ್ ಕಫ್ ಎಂದು ವೈದ್ಯರು ಕರೆಯುವ ನಾಲ್ಕು ಸ್ನಾಯುಗಳ ಗುಂಪು ತೋಳಿನ ಮೂಳೆಯನ್ನು ಭುಜದ ಗುಳಿಯಲ್ಲಿ ಹಿಡಿದಿಡುತ್ತದೆ. ಚೆಂಡು ಕೈಬಿಟ್ಟ ಮರುಕ್ಷಣ, ಭರದಿಂದ ಬೀಸಿ ಬಂದ ತೋಳಿಗೆ ಬ್ರೇಕ್ ಹಾಕುವುದೂ ಮುಖ್ಯವಾಗಿ ಇದೇ ಗುಂಪಿನ ಕೆಲಸ. ಪ್ರತಿ ಎಸೆತಕ್ಕೂ ಈ ಬ್ರೇಕ್ ಬೀಳಬೇಕು. ಸಾವಿರಾರು ಸಲ ಹೀಗೆ ಎಳೆತಕ್ಕೆ ಸಿಕ್ಕಿದ ಸ್ನಾಯುವಿನ ತುದಿ ಸವೆಯುತ್ತದೆ, ಕೊನೆಗೆ ಹರಿಯುತ್ತದೆ. ಶ್ರೀನಾಥ್ ವೆಸ್ಟ್ ಇಂಡೀಸ್ ಪ್ರವಾಸ ಬಿಟ್ಟು ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ಬೇಸ್‌ಬಾಲ್‌ನಲ್ಲಿ ಇಂಥ ತಿರುವಿಗೆ ಪಿಚರ್ ಟಾಮಿ ಜಾನ್ ಹೆಸರೇ ನಿಂತಿದೆ. 1974ರಲ್ಲಿ ಮೊಣಕೈಯ ಅಸ್ಥಿರಜ್ಜು ಹರಿದಾಗ ವೈದ್ಯ ಫ್ರ್ಯಾಂಕ್ ಜೋಬ್ ಬೇರೆ ಕಡೆಯ ಸ್ನಾಯುರಜ್ಜು ತಂದು ಜೋಡಿಸಿದರು. 1976ರಲ್ಲಿ ಮರಳಿದ ಜಾನ್ 1989ರವರೆಗೂ ಆಡಿದರು.

ಶಸ್ತ್ರಚಿಕಿತ್ಸೆಯ ನಂತರ ಮೈದಾನಕ್ಕೆ ಮರಳಿದ ಬೌಲರ್ ತನ್ನ ಕಸುಬನ್ನು ಸ್ವಲ್ಪ ಬದಲಿಸಿಕೊಳ್ಳಲೇಬೇಕು. ಶ್ರೀನಾಥ್ ಅವರ ಸಹಜ ಎಸೆತ ಬಲಗೈ ಬ್ಯಾಟರ್‌ನ ಕಡೆಗೆ ಒಳನುಗ್ಗುವಂಥದ್ದು. ವೇಗದ ಜೊತೆಗೆ ಹೊರಗೆ ಹೋಗುವ ಲೆಗ್ ಕಟರ್, ನಿಧಾನದ ಎಸೆತಗಳೂ ಬತ್ತಳಿಕೆಗೆ ಸೇರಿದವು. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಒಂಬತ್ತು ವಿಕೆಟ್ ಪಡೆದಿದ್ದಾಗ, ಹತ್ತನೆಯದೂ ಅವರಿಗೇ ಸಿಗಲೆಂದು ಶ್ರೀನಾಥ್ ಇನ್ನೊಂದು ತುದಿಯಿಂದ ಆಫ್ ಸ್ಟಂಪ್‌ನಿಂದ ದೂರಕ್ಕೆ, ಬ್ಯಾಟಿಗೆ ಎಟುಕದ ಹಾಗೆ ಓವರ್ ಹಾಕಿದರು. ಅದೇ ತಿಂಗಳು ಕೋಲ್ಕತ್ತದಲ್ಲಿ ಅದೇ ಪಾಕಿಸ್ತಾನದ ಎರಡನೇ ಇನಿಂಗ್ಸ್‌ನಲ್ಲಿ 86 ರನ್‌ಗೆ 8, ಪಂದ್ಯದಲ್ಲಿ ಒಟ್ಟು 132 ರನ್‌ಗೆ 13 ವಿಕೆಟ್ ಕಿತ್ತರು. ಭಾರತ ಆ ಟೆಸ್ಟ್ ಸೋತಿತು. ಬೌಲರ್‌ನ ಬದುಕಿನ ಶ್ರೇಷ್ಠ ದಿನ ತಂಡದ ಗೆಲುವಿನ ದಿನವೇ ಆಗಿರಬೇಕೆಂದಿಲ್ಲ.

ಕೊನೆಯ ಹಂತದಲ್ಲಿ ದೇಹವೇ ಆಟದ ಬಗೆಯನ್ನು ಆರಿಸುತ್ತದೆ. 2002ರಲ್ಲಿ ಟೆಸ್ಟ್ ಸಾಕೆಂದು ನಿರ್ಧರಿಸಿದ್ದ ಶ್ರೀನಾಥ್ ಅವರನ್ನು ನಾಯಕ ಸೌರವ್ ಗಂಗೂಲಿ ಮನವೊಲಿಸಿ ಮರಳಿ ಕರೆತಂದರು. 2003ರ ವಿಶ್ವಕಪ್‌ನಲ್ಲಿ ಜಹೀರ್ ಖಾನ್, ಆಶಿಶ್ ನೆಹ್ರಾ ಜೊತೆ ದಾಳಿ ಹಂಚಿಕೊಂಡು ತಾವು 16 ವಿಕೆಟ್ ಗಳಿಸಿದರು. ಮಾರ್ಚ್ 23ರ ಫೈನಲ್ ಮಾತ್ರ ಕಹಿ: 10 ಓವರ್, 87 ರನ್, ವಿಕೆಟ್ ಇಲ್ಲ. ಅದೇ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯ. ಗಳಿಕೆ 67 ಟೆಸ್ಟ್‌ಗಳಲ್ಲಿ 236, 229 ಏಕದಿನ ಪಂದ್ಯಗಳಲ್ಲಿ 315 ವಿಕೆಟ್. ಏಕದಿನದಲ್ಲಿ ಭಾರತದ ಬೇರಾವ ವೇಗಿಯೂ ಇನ್ನೂ ಆ ಸಂಖ್ಯೆ ಮುಟ್ಟಿಲ್ಲ.

ಮೂವತ್ತನಾಲ್ಕು ತುಂಬುವ ಮೊದಲೇ ಕೊನೆಯ ಪಂದ್ಯ ಆಡಿದವರಿಗೆ ಮುಂದೆ ದೀರ್ಘ ಬದುಕಿರುತ್ತದೆ. ಶ್ರೀನಾಥ್ 2006ರಿಂದ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ಮ್ಯಾಚ್ ರೆಫರಿಯಾಗಿ ಕೆಲಸ ಮಾಡುತ್ತ ಬಂದಿದ್ದಾರೆ. 2010ರಲ್ಲಿ ಕುಂಬ್ಳೆ ಅಧ್ಯಕ್ಷರಾದಾಗ ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿಯೂ ಆದರು.

ಎಸೆತದ ಲೆಕ್ಕ ಇಡುವುದರಲ್ಲಿ ಬೇಸ್‌ಬಾಲ್ ಈಗ ಕಟ್ಟುನಿಟ್ಟು. ಅಮೆರಿಕದ ಮೇಜರ್ ಲೀಗ್‌ನಲ್ಲಿ ಒಂದು ತಂಡ ಋತುವಿಗೆ 162 ಪಂದ್ಯ ಆಡುತ್ತದೆ, ಆದರೆ ಪಂದ್ಯ ಆರಂಭಿಸುವ ಪಿಚರ್‌ನ ಸರದಿ ಐದಾರು ದಿನಕ್ಕೊಮ್ಮೆ ಮಾತ್ರ, ಅದೂ ಸುಮಾರು ನೂರು ಎಸೆತದವರೆಗೆ. ಟೆಸ್ಟ್ ಬೌಲರ್ ಒಂದೇ ದಿನ 20 ಓವರ್, ಅಂದರೆ 120 ಎಸೆತ ಹಾಕಿ ಮರುದಿನ ಬೆಳಿಗ್ಗೆ ಮತ್ತೆ ಚೆಂಡು ಹಿಡಿಯುವುದುಂಟು. ಮಕ್ಕಳಿಗೂ ಅಮೆರಿಕದ ಬೇಸ್‌ಬಾಲ್‌ನಲ್ಲಿ ಮಾರ್ಗಸೂಚಿಯಿದೆ: 15-16ರ ವಯಸ್ಸಿನವರು ದಿನಕ್ಕೆ 95 ಎಸೆತ ಮೀರುವಂತಿಲ್ಲ, 76 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿಯೂ ಎಳೆಯ ವೇಗಿಗಳ ಸ್ಪೆಲ್‌ಗೆ, ದಿನದ ಓವರ್‌ಗಳಿಗೆ ವಯಸ್ಸಿಗೆ ತಕ್ಕ ಮಿತಿ ಹಾಕಿದೆ. ಒಂದೇ ಭಾನುವಾರ ಎರಡು ಮೂರು ಟೆನಿಸ್ ಬಾಲ್ ಪಂದ್ಯ ಆಡಿ, ಸೋಮವಾರ ಸಂಜೆ ಚರ್ಮದ ಚೆಂಡಿನ ಅಭ್ಯಾಸಕ್ಕೆ ಹೋಗುವ ಚಾಮರಾಜನಗರದ ಹುಡುಗನಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ದಿನಕ್ಕೆಷ್ಟು ಎಸೆತ, ನಡುವೆ ಎಷ್ಟು ದಿನ ಬಿಡುವು ಎಂದು ತರಬೇತುದಾರನೋ ಮನೆಯವರೋ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಅದಕ್ಕೆ ಖರ್ಚೇನೂ ಇಲ್ಲ.