ಹಕ್ಕಿಯ ಕಾಳು ಮತ್ತೆ ಮನುಷ್ಯರ ತಟ್ಟೆಗೆ

ಬೆಂಗಳೂರಿನಲ್ಲಿ ಬೆಳೆದ ಒಂದು ತಲೆಮಾರಿನ ಹುಡುಗರಿಗೆ ನವಣೆ ಪರಿಚಯವಾದದ್ದು ಅಡುಗೆಮನೆಯಲ್ಲಲ್ಲ, ಪಂಜರದಲ್ಲಿ. ಲವ್‌ಬರ್ಡ್ಸ್ ಸಾಕಿದ ಮನೆಗಳಿಗೆ ಕಾಗದದ ಪೊಟ್ಟಣದಲ್ಲಿ ಬರುತ್ತಿದ್ದ ಹಳದಿ ಬಣ್ಣದ ಪುಟ್ಟ ಕಾಳು ಅದು. ಅದನ್ನು ಮನುಷ್ಯರೂ ಬೇಯಿಸಿ ಉಣ್ಣುತ್ತಾರೆ ಎಂದರೆ ಅವರು ನಗುತ್ತಿದ್ದರು. ಈಗ ಆ ಹುಡುಗರಿಗೆ ನಡುವಯಸ್ಸು. ರಕ್ತದಲ್ಲಿ ಸಕ್ಕರೆ ಏರಿದೆ ಎಂದು ವೈದ್ಯರು ಹೇಳಿದ ಮರುದಿನವೇ ಅಂಗಡಿಗೆ ಹೋಗಿ ನವಣೆ, ಸಾಮೆ, ಹಾರಕಗಳನ್ನು ಹೊತ್ತು ತರುತ್ತಾರೆ. ಒಂದು ದಿನ ಉತ್ಸಾಹದಿಂದ ಅನ್ನ ಮಾಡುವುದೂ ಆಗುತ್ತದೆ. ಅದು ಒಣಗಿದ ಮರಳಿನಂತೆ ಉದುರಿ ಗಂಟಲಲ್ಲಿ ಇಳಿಯುವುದಿಲ್ಲ. ಉಳಿದ ಪೊಟ್ಟಣ ಡಬ್ಬಿಗಳ ಹಿಂದೆ ಸರಿದು, ಹುಳ ಬೀಳುವ ತನಕ ಅಲ್ಲೇ ಉಳಿಯುತ್ತದೆ.

ಇಂಥ ಮನೆಗೆ ಹಿರಿಯೂರು, ಪಾವಗಡದ ಕಡೆಯಿಂದ ಎಂಬತ್ತು ದಾಟಿದ ಅಜ್ಜಿಯೊಬ್ಬರು ಬಂದರೆ ಅವರ ಆಶ್ಚರ್ಯ ಬೇರೆಯದೇ. ಮೊಮ್ಮಕ್ಕಳು ಹೊಸ ಆಹಾರ ಎಂದು ತೋರಿಸುವ ಕಾಳು ಅವರ ಬಾಲ್ಯದ ರಾತ್ರಿಯೂಟ. ಅಕ್ಕಿಗಿಂತ ಹೆಚ್ಚು ಹಣ ಕೊಟ್ಟು ಯಾರಾದರೂ ಇದನ್ನು ಕೊಳ್ಳುತ್ತಾರೆ ಎಂಬುದನ್ನು ಮಾತ್ರ ಅವರು ನಂಬುವುದಿಲ್ಲ.

ಒಂದೇ ಕಾಳು ಮೊಮ್ಮಗನಿಗೆ ಅಪರಿಚಿತ, ಅಜ್ಜಿಗೆ ಚಿರಪರಿಚಿತ. ನಡುವಿನ ಐವತ್ತು ಅರವತ್ತು ವರ್ಷಗಳಲ್ಲಿ ಆದದ್ದೇನು?

ಸಿರಿಧಾನ್ಯ ಎಂದು ಇಂದು ಕರೆಯುವ ಗುಂಪಿನಲ್ಲಿ ಸಣ್ಣಕಾಳಿನವು ಮುಖ್ಯವಾಗಿ ಆರು: ನವಣೆ, ಸಾಮೆ, ಹಾರಕ, ಬರಗು, ಊದಲು ಮತ್ತು ಕೊರಲೆ. ಉತ್ತರ ಕರ್ನಾಟಕದಲ್ಲಿ ಸಾಮೆಯೇ ಸಾವೆ. ರಾಗಿ, ಜೋಳ, ಸಜ್ಜೆಗಳೂ ಇದೇ ಬಳಗದವು. ಆದರೆ ಅವು ಎಂದೂ ಪೂರ್ತಿ ಮರೆಯಾಗಲಿಲ್ಲ. ಹಳೆಯ ಕೃಷಿ ಪುಸ್ತಕಗಳಲ್ಲಿ ಇವಕ್ಕೆ ತೃಣಧಾನ್ಯ ಎಂಬ ಹೆಸರು. ತೃಣ ಎಂದರೆ ಹುಲ್ಲು. ಸರ್ಕಾರಿ ಕಡತಗಳಲ್ಲಿ ಇವು ಬಹುಕಾಲ ಒರಟು ಧಾನ್ಯಗಳೆನಿಸಿದ್ದವು. 2018ರಲ್ಲಿ ಕೇಂದ್ರ ಸರ್ಕಾರ ಪೌಷ್ಟಿಕ ಧಾನ್ಯಗಳು ಎಂದು ಅಧಿಕೃತವಾಗಿ ಮರುನಾಮಕರಣ ಮಾಡಿತು. ಹುಲ್ಲು ಸಿರಿಯಾಯಿತು, ಬೆಲೆಯೂ ಅದಕ್ಕೆ ತಕ್ಕಂತೆ ಏರಿತು.

ನೆಲದ ನೆನಪು

ಇವುಗಳ ಚರಿತ್ರೆ ಹಳೆಯದು. ಬಳ್ಳಾರಿಯ ಪಕ್ಕದ ಸಂಗನಕಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನ ಬಿಟ್ಟುಹೋದ ಬೂದಿ ಮಣ್ಣನ್ನು ಜಾಲಿಸಿದ ಪುರಾತತ್ವಜ್ಞರಿಗೆ ಸುಟ್ಟು ಕರಿಕಾದ ಕಾಳುಗಳು ಸಿಕ್ಕಿವೆ. ಅವುಗಳಲ್ಲಿ ಹುರುಳಿ, ಹೆಸರು ಮತ್ತು ಕೊರಲೆ ಮುಖ್ಯವಾದವು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ, ಭತ್ತ ಈ ಬಯಲುಸೀಮೆಗೆ ಕಾಲಿಡುವ ಮೊದಲೇ, ಇಲ್ಲಿಯವರು ಕೊರಲೆಯನ್ನೂ ಹುರುಳಿಯನ್ನೂ ಉಂಡು ದನ ಕಾಯುತ್ತಿದ್ದರು.

ಹಾಗೆಂದು ಎಲ್ಲವೂ ಇಲ್ಲಿಯವೇ ಎಂದುಕೊಳ್ಳಬೇಕಾಗಿಲ್ಲ. ಸಾಮೆ, ಹಾರಕ, ಕೊರಲೆಗಳು ಭಾರತದಲ್ಲೇ ಪಳಗಿದವು. ನವಣೆ ಮತ್ತು ಬರಗು ಮೊದಲು ಬೇಸಾಯಕ್ಕೆ ಬಂದದ್ದು ಉತ್ತರ ಚೀನಾದಲ್ಲಿ. ಕನ್ನಡಿಗರ ಹೆಮ್ಮೆಯ ರಾಗಿ ಪೂರ್ವ ಆಫ್ರಿಕಾದ ಎತ್ತರದ ನಾಡಿನಿಂದ ಬಂದದ್ದು. ಮಂಡ್ಯದ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಸೃಷ್ಟಿಸಿದ್ದು, ಒಂದು ರೀತಿಯಲ್ಲಿ ಬಹುಕಾಲ ಅಗಲಿದ ನೆಂಟರನ್ನು ಸೇರಿಸಿದ ಹಾಗೆ. ಪೋರ್ಚುಗೀಸರು ಬರುವ ಮುನ್ನ ಮೆಣಸಿನಕಾಯಿಯೇ ಈ ನಾಡಿಗೆ ಗೊತ್ತಿರಲಿಲ್ಲ. ಇಂದು ಬ್ಯಾಡಗಿ ಮೆಣಸಿನಕಾಯಿ ಇಲ್ಲದ ಸಾರನ್ನು ಊಹಿಸುವುದು ಕಷ್ಟ. ಹೊಸ ಆಹಾರವನ್ನು ಒಪ್ಪಿಕೊಳ್ಳುವುದರಲ್ಲಿ ಕನ್ನಡದ ನಾಲಿಗೆ ಅಂಥ ಹಟಮಾರಿಯೇನಲ್ಲ.

ಹದಿನಾರನೆಯ ಶತಮಾನದ ಕನಕದಾಸರು ಧಾನ್ಯಗಳ ಜಗಳವನ್ನೇ ಕಾವ್ಯವಾಗಿಸಿದರು. ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಯಾದ ವ್ರೀಹಿಗೂ ರಾಗಿಯಾದ ನರೆದಲಗನಿಗೂ ಯಾರು ಹೆಚ್ಚು ಎಂಬ ವಾದ ಹತ್ತುತ್ತದೆ. ಲಂಕೆಯಿಂದ ಮರಳುವಾಗ ಮುನಿಗಳ ಆತಿಥ್ಯ ಪಡೆದ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರತೆಗೆದಾಗ ಅಕ್ಕಿ ಕಳೆಗುಂದಿರುತ್ತದೆ, ರಾಗಿ ಗಟ್ಟಿಯಾಗಿ ಉಳಿದಿರುತ್ತದೆ. ವರ್ಷಗಟ್ಟಲೆ ಹಗೇವಿನಲ್ಲಿಟ್ಟರೂ ಕೆಡದ ಕಾಳನ್ನು ಬರಗಾಲದ ಆಸರೆಯಾಗಿ ಕಂಡ ಜನರ ಅನುಭವವೇ ಇಲ್ಲಿ ಕಥೆಯಾಗಿದೆ. ಆದರೆ ಒಂದನ್ನು ಗಮನಿಸಬೇಕು. ಅಕ್ಕಿ ಮೇಲಿನವರ ಊಟ, ಇವು ಕೆಳಗಿನವರ ಊಟ ಎಂಬ ಭಾವನೆ ಅಷ್ಟು ಹಿಂದೆಯೇ ಬೇರೂರಿರದಿದ್ದರೆ ಆ ಜಗಳಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಒನಕೆಯ ಲೆಕ್ಕ

ರುಚಿ ಕೆಟ್ಟದ್ದರಿಂದ ಈ ಧಾನ್ಯಗಳು ಬಿಟ್ಟುಹೋದವು ಎನ್ನುವವರಿದ್ದಾರೆ. ಅದು ಸರಿಯಲ್ಲ. ದೊಡ್ಡ ಕಾರಣ ಸಿಪ್ಪೆ. ರಾಗಿ, ಜೋಳಗಳನ್ನು ಒಕ್ಕಿದರೆ ಕಾಳು ಬೀಸಲು ಸಿದ್ಧ. ಸಣ್ಣಕಾಳಿನ ಆರೂ ಧಾನ್ಯಗಳಿಗೆ ಭತ್ತದಂತೆ ಹೊಟ್ಟು ಅಂಟಿರುತ್ತದೆ. ಹಾರಕಕ್ಕಂತೂ ಪದರದ ಮೇಲೆ ಪದರ. ಹಕ್ಕಿಗೆ ಇದು ಸಮಸ್ಯೆಯಲ್ಲ, ಕೊಕ್ಕಿನಲ್ಲಿ ಕಾಳನ್ನು ಉರುಳಿಸಿ ಸಿಪ್ಪೆ ಸುಲಿದು ನುಂಗುತ್ತದೆ. ಮನುಷ್ಯರಿಗೆ ಒರಳು, ಒನಕೆ, ಮೊರ ಬೇಕು. ಮನುಷ್ಯರು ಎಂದರೆ ಇಲ್ಲಿ ಹೆಂಗಸರು. ಕೋಳಿ ಕೂಗುವ ಹೊತ್ತಿಗೆ ಎದ್ದು, ಕುಟ್ಟಿ, ಕೇರಿ, ಮತ್ತೆ ಕುಟ್ಟಿ ಮನೆಮಂದಿಗೆ ಸಾಲುವಷ್ಟು ಅಕ್ಕಿ ಮಾಡುವಷ್ಟರಲ್ಲಿ ಬೆಳಗಾಗುತ್ತಿತ್ತು. ಆಮೇಲೆ ಹೊಲದ ಕೆಲಸ.

ಊರಿಗೆ ಅಕ್ಕಿ ಗಿರಣಿ ಬಂದಾಗ ಅದರಲ್ಲಿ ಭತ್ತ ಸಲೀಸಾಗಿ ಅಕ್ಕಿಯಾಯಿತು. ಸಾಸಿವೆಗಿಂತ ತುಸು ದಪ್ಪಗಿರುವ ನವಣೆ ಆ ಯಂತ್ರದಲ್ಲಿ ನುಚ್ಚಾಗಿ ಹೊಟ್ಟಿನೊಂದಿಗೆ ಹೋಯಿತು. ಅದೇ ಕಾಲಕ್ಕೆ ಹಸಿರು ಕ್ರಾಂತಿಯ ಅಕ್ಕಿ, ಗೋಧಿ ನ್ಯಾಯಬೆಲೆ ಅಂಗಡಿಗೆ ಬಂದವು. ಕೊಳವೆಬಾವಿ ಕಂಡ ಹೊಲಗಳಲ್ಲಿ ಮೆಕ್ಕೆಜೋಳ, ಹತ್ತಿ, ಶೇಂಗಾ ಬಂದವು. 2013ರಲ್ಲಿ ರಾಜ್ಯದಲ್ಲಿ ಅನ್ನಭಾಗ್ಯ ಆರಂಭವಾದಾಗ ಬಡ ಕುಟುಂಬಗಳಿಗೆ ಕೆ.ಜಿ.ಗೆ ಒಂದು ರೂಪಾಯಿಯಂತೆ ಅಕ್ಕಿ ಸಿಕ್ಕಿತು. ಹಬ್ಬಕ್ಕೆ, ನೆಂಟರು ಬಂದಾಗ ಮಾತ್ರ ಅನ್ನ ಕಂಡವರು ದಿನವೂ ಅನ್ನ ಉಣ್ಣುವಂತಾದದ್ದನ್ನು ಪಟ್ಟಣದಲ್ಲಿ ಕುಳಿತು ಹಳಿಯುವುದು ಸುಲಭ. ಒನಕೆ ಹಿಡಿದ ಕೈಗಳನ್ನು ಕೇಳಿದರೆ ಉತ್ತರ ಬೇರೆ ಇರುತ್ತದೆ.

ಮರಳಿ ಬಂದ ಬಗೆಯೂ ವಿಚಿತ್ರ. ಹಳ್ಳಿಯ ಬಡವರ ಊಟ ಪಟ್ಟಣದ ಉಳ್ಳವರ ಪಥ್ಯವಾಗಿ ಮರಳಿತು. ಮೈಸೂರಿನ ಡಾ. ಖಾದರ್ ವಲಿ ಊರೂರು ತಿರುಗಿ ಮಾಡಿದ ಭಾಷಣಗಳು ಇದಕ್ಕೆ ಒಂದು ಕಾರಣ. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಭಾರತದ ಪ್ರಸ್ತಾವದ ಮೇರೆಗೆ ವಿಶ್ವಸಂಸ್ಥೆ ಅದೇ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಮೇಳಗಳಾದವು, ಬಿಸ್ಕತ್ತುಗಳೂ ಬಂದವು. ಮೈದಾ, ಸಕ್ಕರೆಗಳ ನಡುವೆ ಚಿಟಿಕೆ ನವಣೆ ಹಿಟ್ಟು ಸೇರಿಸಿ ಪೊಟ್ಟಣದ ಮೇಲೆ ತೆನೆಯ ಚಿತ್ರ ಹಾಕಿದ ಬಿಸ್ಕತ್ತಿನಿಂದ ಆಗುವ ಲಾಭ ತಯಾರಕರಿಗೆ ಮಾತ್ರ.

ಗುಣ ಇರುವುದು ಎಲ್ಲಿ?

ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಕೋಷ್ಟಕದ ಪ್ರಕಾರ ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಪ್ರೋಟೀನು 6.8 ಗ್ರಾಂ, ನವಣೆಯಲ್ಲಿ 12.3 ಗ್ರಾಂ. ರಾಗಿಯಲ್ಲಿ ಸುಣ್ಣದಂಶ 344 ಮಿಲಿಗ್ರಾಂ, ಅಕ್ಕಿಯಲ್ಲಿ 10. ನಾರಿನ ವ್ಯತ್ಯಾಸ ಇನ್ನೂ ಹೆಚ್ಚು. ಆದರೆ ಈ ನಾರು ಇರುವುದು ಬಹುಪಾಲು ಕಾಳಿಗೆ ಅಂಟಿದ ತೌಡಿನ ಪದರದಲ್ಲಿ. ನೋಡಲು ಚೆನ್ನಾಗಿರಲಿ, ಬೇಗ ಕೆಡದಿರಲಿ ಎಂದು ಪಾಲಿಶ್ ಮಾಡಿದ ಬೆಳ್ಳನೆಯ ಸಾಮೆಗೂ ಬಿಳಿ ಅಕ್ಕಿಗೂ ಆಗ ದೊಡ್ಡ ಅಂತರ ಉಳಿಯುವುದಿಲ್ಲ. ಕೊಳ್ಳುವಾಗ ತುಸು ಮಾಸಲು ಬಣ್ಣದ್ದನ್ನೇ ಆರಿಸಬೇಕು. ಮುಗ್ಗಲು ವಾಸನೆ ಬಂದರೆ ಮುಲಾಜಿಲ್ಲದೆ ಹಿಂತಿರುಗಿಸಬೇಕು.

ಹಾರಕದ ವಿಷಯದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಮಳೆಗೆ ಸಿಕ್ಕಿ ತೇವ ಆರದ ಹಾರಕ ಉಂಡರೆ ತಲೆ ಸುತ್ತುತ್ತದೆ ಎಂಬುದು ಹಳಬರಿಗೆ ಗೊತ್ತಿದ್ದ ಸಂಗತಿ. ತಪ್ಪು ಕಾಳಿನದಲ್ಲ, ಅದರ ಮೇಲೆ ಬೆಳೆಯುವ ಬೂಷ್ಟಿನ ವಿಷದ್ದು. 2024ರ ಅಕ್ಟೋಬರ್ ಕೊನೆಯಲ್ಲಿ ಮಧ್ಯಪ್ರದೇಶದ ಬಾಂಧವಗಢ ಅರಣ್ಯದಲ್ಲಿ ಹಾರಕದ ಬೆಳೆ ಮೇಯ್ದ ಹತ್ತು ಆನೆಗಳು ಸತ್ತಾಗ ಪರೀಕ್ಷೆಯಲ್ಲಿ ಕಂಡುಬಂದದ್ದೂ ಇದೇ ಬಗೆಯ ವಿಷ. ಚೆನ್ನಾಗಿ ಒಣಗಿಸಿ ಶುಚಿಮಾಡಿದ ಹಾರಕಕ್ಕೆ ಹೆದರಬೇಕಿಲ್ಲ.

ಬೇಯಿಸುವ ಹದ

ಹೆಚ್ಚಿನವರು ಸೋಲುವುದು ಇಲ್ಲಿ. ಸೋನಾ ಮಸೂರಿಯಂತೆ ತೊಳೆದು, ಕುಕ್ಕರಿಗೆ ಹಾಕಿ, ಮೂರು ಕೂಗು ಹಾಕಿಸಿ ಆರಿದ ಮೇಲೆ ಉಣ್ಣಲು ಕೂರುತ್ತಾರೆ. ಈ ಕಾಳು ಆರಿದಷ್ಟೂ ಬಿರುಸು. ತೊಳೆದು ಕನಿಷ್ಠ ಒಂದೆರಡು ಗಂಟೆ ನೆನೆಸಬೇಕು. ಹಾರಕವನ್ನು ಇನ್ನೂ ಹೆಚ್ಚು ಹೊತ್ತು. ಒಂದು ಲೋಟಕ್ಕೆ ಎರಡೂವರೆ ಲೋಟ ನೀರು ಇಟ್ಟು ಸಣ್ಣ ಉರಿಯಲ್ಲಿ ಬೇಯಿಸಿ, ಇಳಿಸಿದ ಮೇಲೆ ಹತ್ತು ನಿಮಿಷ ಮುಚ್ಚಿಟ್ಟರೆ ಕಾಳು ಅರಳುತ್ತದೆ. ಬಿಸಿಯಿರುವಾಗಲೇ ಹುಳಿಯೋ ಬಸ್ಸಾರೋ ಧಾರಾಳವಾಗಿ ಬಡಿಸಬೇಕು. ಆರೂ ಧಾನ್ಯಗಳನ್ನು ಒಂದೇ ಪಾತ್ರೆಗೆ ಸುರಿಯುವುದು ಬೇಡ. ಒಂದು ಬೇಯುವಾಗ ಇನ್ನೊಂದು ಮುದ್ದೆಯಾಗಿರುತ್ತದೆ.

ಮೊದಲ ದಿನವೇ ಅನ್ನದ ಜಾಗಕ್ಕೆ ಇದನ್ನು ತಂದು ಕೂರಿಸುವುದಕ್ಕಿಂತ ದೋಸೆಯಿಂದ ಆರಂಭಿಸುವುದು ಜಾಣತನ. ದೋಸೆಗೆ ನೆನೆಸುವ ಅಕ್ಕಿಯಲ್ಲಿ ಅರ್ಧಕ್ಕೆ ಸಾಮೆಯೋ ನವಣೆಯೋ ಹಾಕಿದರೆ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಹಿಟ್ಟು ಹುಳಿ ಬಂದ ಮೇಲೆ ಕಾಳಿನ ಗಡಸು ಹೋಗಿರುತ್ತದೆ. ಬಿಡಿಬಿಡಿಯಾಗಿ ನಿಲ್ಲುವ ಸಾಮೆ ಚಿತ್ರಾನ್ನ, ಉಪ್ಪಿಟ್ಟಿಗೆ ಹೇಳಿಮಾಡಿಸಿದ್ದು. ಹೆಸರುಬೇಳೆಯೊಂದಿಗೆ ನವಣೆ ಪೊಂಗಲ್ ಆಗುತ್ತದೆ. ಮೆತ್ತಗೆ ಬೇಯುವ ಊದಲು, ಬರಗುಗಳಿಗೆ ಹಾಲು ಮೊಸರು ಬೆರೆಸಿ ಸಾಸಿವೆ ಒಗ್ಗರಣೆ ಕೊಟ್ಟರೆ ಬೇಸಿಗೆಯ ಮಧ್ಯಾಹ್ನಕ್ಕೆ ಅದಕ್ಕಿಂತ ತಂಪಾದ ಊಟವಿಲ್ಲ. ರೊಟ್ಟಿ ತಟ್ಟುವವರು ಈ ಹಿಟ್ಟುಗಳಲ್ಲಿ ಗೋಧಿಯ ಜಿಗುಟು ಇಲ್ಲವೆಂದು ನೆನಪಿಡಬೇಕು. ಅಕ್ಕಿರೊಟ್ಟಿಗೆ ಮಾಡುವಂತೆ ಕುದಿಯುವ ನೀರಿನಲ್ಲಿ ಹಿಟ್ಟು ಕಲಸಿದರೆ ಮುರಿಯುವುದಿಲ್ಲ. ಹಿಟ್ಟನ್ನು ತಿಂಗಳಿಗಾಗುವಷ್ಟು ಬೀಸಿಡಬಾರದು, ಅದರೊಳಗಿನ ಎಣ್ಣೆಯಂಶದಿಂದ ಕಹಿಯಾಗುತ್ತದೆ.

ನಾರು ಒಮ್ಮೆಲೇ ಹೆಚ್ಚಾದರೆ ಹೊಟ್ಟೆ ಉಬ್ಬರಿಸುತ್ತದೆ. ವಾರಕ್ಕೆ ಎರಡು ದಿನದಿಂದ ಆರಂಭಿಸಿ, ನೀರು ಹೆಚ್ಚು ಕುಡಿದರೆ ದೇಹ ಹೊಂದಿಕೊಳ್ಳುತ್ತದೆ. ಸಕ್ಕರೆ ಕಾಯಿಲೆಯವರು ನಯವಾದ ಹಿಟ್ಟಿನ ಗಂಜಿಗಿಂತ ಇಡೀ ಕಾಳನ್ನು ಬೇಯಿಸಿ ಉಣ್ಣುವುದು ಲೇಸು. ನುಣುಪಾದಷ್ಟೂ ಅದು ಬೇಗ ಸಕ್ಕರೆಯಾಗುತ್ತದೆ. ತಟ್ಟೆಯ ತುಂಬ ನವಣೆ ಅನ್ನ ಬಡಿಸಿಕೊಂಡರೆ ಅದೂ ಪಿಷ್ಟವೇ. ಇವನ್ನು ತಿಂದು ಮಾತ್ರೆ ಬಿಡಬಹುದು, ಎಲ್ಲ ರೋಗ ವಾಸಿಯಾಗುತ್ತದೆ ಎಂಬ ಪ್ರಚಾರವನ್ನು ನಂಬಿ ವೈದ್ಯರನ್ನು ಕೇಳದೆ ಔಷಧಿ ನಿಲ್ಲಿಸಿದರೆ ಅನಾಹುತವಾದೀತು.

ಬೆಳೆಯುವವರ ಕಡೆಯಿಂದ ನೋಡಿದರೆ ಒನಕೆಯ ಪ್ರಶ್ನೆ ಪೂರ್ತಿ ಮುಗಿದಿಲ್ಲ. ಬರಗು ಎರಡು ಎರಡೂವರೆ ತಿಂಗಳಲ್ಲಿ, ಒಂದೆರಡು ಹದ ಮಳೆಗೆ ಕೈಗೆ ಬರುವ ಬೆಳೆ. ಆದರೆ ಅದನ್ನು ಅಕ್ಕಿ ಮಾಡುವ ಯಂತ್ರ ಹತ್ತಿರದಲ್ಲಿ ಇಲ್ಲದಿದ್ದರೆ ರೈತನಿಗೆ ಸಿಗುವುದು ಹೊಟ್ಟಿರುವ ಕಾಳಿನ ಬೆಲೆ. ದಕ್ಷಿಣದ ಸಣ್ಣಕಾಳುಗಳು ಬಹುಕಾಲ ಲಾರಿಯೇರಿ ಮಹಾರಾಷ್ಟ್ರದ ನಾಸಿಕ್ ಕಡೆಯ ಗಿರಣಿಗಳಿಗೆ ಹೋಗಿ, ಪೊಟ್ಟಣವಾಗಿ ಬೆಂಗಳೂರಿನ ಅಂಗಡಿಗೆ ಬರುತ್ತಿದ್ದವು. ಈಚಿನ ವರ್ಷಗಳಲ್ಲಿ ರೈತರ ಕಂಪನಿಗಳು, ಮಹಿಳಾ ಸ್ವಸಹಾಯ ಸಂಘಗಳು ಅಲ್ಲಲ್ಲಿ ಸಣ್ಣ ಯಂತ್ರ ಹಾಕಿಕೊಂಡಿವೆ. ಅಂಥ ಯಂತ್ರ ಇರುವ ಊರಿನಲ್ಲಿ ಸಾಮೆ ಬೆಳೆದವರು ಎರಡು ಚೀಲ ಮಾರಿ, ಒಂದು ಚೀಲವನ್ನು ಮನೆಗೂ ಇಟ್ಟುಕೊಳ್ಳಬಹುದು.