ಮಲೇರಿಯಾದ ಬೆನ್ನಿಗೆ ಬರುವ ಇನ್ನೊಂದು ಶತ್ರು

ಒಂದು ರೋಗದಿಂದ ಸೊರಗಿದ ಗಿಡಕ್ಕೆ ಮತ್ತೊಂದು ರೋಗ ಬೇಗ ಅಂಟುತ್ತದೆಂಬುದು ತೋಟ ಮಾಡುವ ನಮಗೆಲ್ಲ ಗೊತ್ತಿರುವ ಮಾತೇ. ಎಳೆಯ ಮಕ್ಕಳ ವಿಷಯದಲ್ಲೂ ಇದು ನಿಜವೆಂದು ಆಫ್ರಿಕದ ಕೀನ್ಯಾದಲ್ಲಿ ನಡೆದ ಒಂದು ಅಧ್ಯಯನ ತೋರಿಸಿಕೊಟ್ಟಿದೆ. ಅದನ್ನು ಸದಸ್ಯ ಬಾಂಧವರ ಗಮನಕ್ಕೆ ತರಬಯಸುತ್ತೇವೆ.

ಕೀನ್ಯಾದ ಕಿಲಿಫಿ, ನಮ್ಮ ಕರಾವಳಿಯಂತೆಯೇ ತೆಂಗು, ಗೇರು ಬೆಳೆಯುವ ಸೀಮೆ. ಅಲ್ಲಿ ಮಲೇರಿಯಾ ತಗಲಿದ ಮಕ್ಕಳ ರಕ್ತದಲ್ಲಿ ಬ್ಯಾಕ್ಟೀರಿಯಾ ಸೋಂಕೂ ಕಂಡುಬರುತ್ತಿತ್ತು. ಮಲೇರಿಯಾವೇ ಇದಕ್ಕೆ ಕಾರಣವೋ, ಬಡತನ ಅಪೌಷ್ಟಿಕತೆಗಳು ಎರಡನ್ನೂ ತರುತ್ತಿದ್ದವೋ? ಇದನ್ನು ಬಿಡಿಸುವುದು ಸುಲಭವಿರಲಿಲ್ಲ.

ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಕುಡುಗೋಲು ಕಣದ ಗುಣ ಪಡೆದ ಮಕ್ಕಳು ಸಾಮಾನ್ಯವಾಗಿ ಆರೋಗ್ಯವಾಗಿದ್ದು, ಫಾಲ್ಸಿಪಾರಮ್ ಮಲೇರಿಯಾವನ್ನು ಚೆನ್ನಾಗಿ ತಡೆದುಕೊಳ್ಳುತ್ತಾರೆ. ಇಂಥ ಮಕ್ಕಳಿಗೆ ಬ್ಯಾಕ್ಟೀರಿಯಾ ಸೋಂಕೂ ಕಡಮೆಯಿತ್ತು. ಊರಲ್ಲಿ ಮಲೇರಿಯಾ ಇಳಿದಂತೆ ಈ ಹೆಚ್ಚಿನ ರಕ್ಷಣೆಯೂ ಇಳಿಯಿತು. ಅಂದಮೇಲೆ ಬಾಗಿಲು ತೆರೆಯುತ್ತಿದ್ದುದು ಮಲೇರಿಯಾವೇ.

1999ರಿಂದ 2007ರೊಳಗೆ ಮಲೇರಿಯಾದಿಂದ ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ ವರ್ಷಕ್ಕೆ ಸಾವಿರಕ್ಕೆ 28.5ರಿಂದ 3.45ಕ್ಕೆ ಇಳಿಯಿತು. ರಕ್ತದ ಸೋಂಕಿನಿಂದ ಸೇರುವವರೂ 2.59ರಿಂದ 1.45ಕ್ಕೆ ಇಳಿದರು. 1999ರಲ್ಲಿ ಇಂಥ ಸೋಂಕುಗಳಲ್ಲಿ ಶೇಕಡ 62ಕ್ಕೆ ಮಲೇರಿಯಾವೇ ಮೂಲವಾಗಿತ್ತೆಂದು 2011ರಲ್ಲಿ ಲೆಕ್ಕ ಪ್ರಕಟವಾಯಿತು.

ಮಲೇರಿಯಾದಲ್ಲಿ ಕೆಂಪು ರಕ್ತಕಣಗಳು ಒಡೆಯುತ್ತವೆ. ಅದರಿಂದ ಹೊರಬೀಳುವ ಹೀಮ್ ಎಂಬ ವಸ್ತುವಿನ ದೆಸೆಯಿಂದ ಬ್ಯಾಕ್ಟೀರಿಯಾವನ್ನು ಕೊಲ್ಲುವ ಬಿಳಿ ಕಣಗಳು ಬಲಗುಂದುತ್ತವೆಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಆಗ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಸುಲಭವಾಗಿ ರಕ್ತ ಸೇರುತ್ತದೆ.

ಕಿಲಿಫಿಯ ಅಂಕಿಗಳನ್ನು ನಮ್ಮ ಮಲೆನಾಡಿಗೆ ಹಾಗೆಯೇ ಅನ್ವಯಿಸಲಾಗದು. ನಮ್ಮಲ್ಲಿ ಮಲೇರಿಯಾ ಬಹಳ ಇಳಿದಿದೆ. ಆದರೆ ಕೊಯ್ಲಿನ ಕಾಲದಲ್ಲಿ ಫಾಲ್ಸಿಪಾರಮ್ ಇರುವ ಒಡಿಶಾ, ಝಾರ್ಖಂಡ್ ಕಡೆಯಿಂದಲೂ ಕಾರ್ಮಿಕರು ಮಕ್ಕಳೊಂದಿಗೆ ನಮ್ಮ ತೋಟಗಳಿಗೆ ಬರುತ್ತಾರೆ. ಲೈನ್ ಮನೆಯಲ್ಲಿ ಮಗುವಿಗೆ ಜ್ವರ ಬಂದರೆ ‘ಚಳಿಜ್ವರ, ಗುಳಿಗೆ ಕೊಟ್ಟರಾಯಿತು’ ಎಂದು ಸುಮ್ಮನಿರಬಾರದು. ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು. ಮಗು ಮಂಕಾಗಿದ್ದರೆ, ಹಾಲು ಕುಡಿಯದಿದ್ದರೆ, ಏದುಸಿರು ಬಿಡುತ್ತಿದ್ದರೆ, ಫಿಟ್ಸ್ ಬಂದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಮಲೇರಿಯಾ ಹೆಚ್ಚಿರುವ ಸೀಮೆಗಳಲ್ಲಿ ತೀವ್ರ ಮಲೇರಿಯಾದ ಮಕ್ಕಳಿಗೆ ಮಲೇರಿಯಾ ಔಷಧದ ಜೊತೆಗೇ ಆಂಟಿಬಯೋಟಿಕ್ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆದರೆ ಅದು ವೈದ್ಯರ ಕೆಲಸ. ಅಂಗಡಿಯಿಂದ ತಂದು ಕೊಡುವಂಥದ್ದಲ್ಲ.

ಕೊಯ್ಲು ಒಂದು ದಿನ ನಿಂತರೆ ಮರುದಿನ ಮಾಡಬಹುದು. ಜ್ವರದ ಮಗುವಿಗೆ ಆ ಒಂದು ದಿನವೇ ದೊಡ್ಡದು. ಜೀಪು ಮೊದಲು ಆಸ್ಪತ್ರೆಗೆ ಹೋಗಲಿ, ಆಮೇಲೆ ಕಾಫಿ ಮೂಟೆಗೆ ಎಂಬುದು ನಮ್ಮ ವಿನಂತಿ.